ಸುಗುಣಾ ಮುಟ್ಟಿಸದ ಸುದ್ದಿ

"ಸುಗುಣಾ ಹಬ್ಬಕ್ಕೆ ಬಂದರೆ ಹೋಳಿಗೆ, ಸುಮ್ಮನೆ ಬಂದರೆ ಸೂತಕ" ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ತಮಾಷೆಯಾದರೂ ಸುಳ್ಳೇನಲ್ಲ. ಲಂಡನ್ನಿನ ಅಂಚಿನ ಕೆಂಟನ್ನಿನ ಕನ್ನಡದ ಮನೆಗಳಲ್ಲಿ ವಾರದ ನಡುವೆ, ಹಬ್ಬ ಹುಣ್ಣಿಮೆ ಏನೂ ಇಲ್ಲದ ದಿನ, ಸುಗುಣಾ ಬಾಗಿಲಲ್ಲಿ ನಿಂತು "ಊಟ ಆಯ್ತಾ?" ಎಂದು ಕೇಳಿದರೆ ಒಳಗಿದ್ದವರ ಎದೆ ಧಸಕ್ಕೆನ್ನುತ್ತಿತ್ತು.

ಕಾರಣ ಇಷ್ಟೇ. ಊರಲ್ಲಿ ಯಾರಾದರೂ ತೀರಿಕೊಂಡರೆ ಅಲ್ಲಿನವರು ಇಲ್ಲಿರುವ ಮಗನಿಗೋ ಮಗಳಿಗೋ ನೇರವಾಗಿ ಫೋನ್ ಮಾಡುತ್ತಿರಲಿಲ್ಲ. ಸುಗುಣಾಳಿಗೆ ಮಾಡುತ್ತಿದ್ದರು. "ನೀವೇ ಹೋಗಿ ಮೆಲ್ಲಗೆ ಹೇಳಿ" ಎಂಬುದು ಎಲ್ಲರ ಕೋರಿಕೆ. ಅವಳು ಪಿನ್ನರ್‌ನ ಒಂದು ಶಾಲೆಯಲ್ಲಿ ಮಕ್ಕಳ ಊಟದ ಅಡುಗೆ ಕೆಲಸದವಳು. ಏಪ್ರನ್ ಬಿಚ್ಚಿ ಬಸ್ಸು ಹತ್ತಿ ಹೋಗುವಳು. ಮೊದಲು ಆ ಮನೆಯವರಿಗೆ ಊಟ ಹಾಕುವಳು. ಸುದ್ದಿ ಕಿವಿಗೆ ಬಿದ್ದ ಮೇಲೆ ಅಲ್ಲಿ ದಹನವಾಗುವ ತನಕ ಇವರು ತುತ್ತು ಮುಟ್ಟುವಂತಿಲ್ಲವಲ್ಲ, ಅದಕ್ಕೆ. ಬೆಂಕಿಯ ಮುಂದೆ ನಿಂತವರಿಗೆ ಹೇಳಬಾರದು, ಏಣಿಯ ಮೇಲಿದ್ದವರಿಗೆ ಹೇಳಬಾರದು, ಗಾಡಿ ಓಡಿಸುವವರಿಗಂತೂ ಹೇಳಲೇಬಾರದು ಎಂಬುದು ಅವಳ ಶಾಸ್ತ್ರ. ಹೋಟೆಲಿನ ಅಡುಗೆಯ ಐತಪ್ಪನ ತಮ್ಮ ಹೋದಾಗ, ಅವನು ಮಧ್ಯಾಹ್ನದ ದೋಸೆಗಳನ್ನೆಲ್ಲ ಹುಯ್ದು ಮುಗಿಸಿ ಕಾವಲಿ ಬಿಟ್ಟು ಈಚೆ ಬರುವ ತನಕ ಅವಳು ಹಿಂಬಾಗಿಲಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತಿದ್ದಳಂತೆ.

ನನಗೂ ಅವಳೇ ಹೇಳಿದವಳು. ಮೈಸೂರಿನಲ್ಲಿ ಅಪ್ಪ ತೀರಿಕೊಂಡ ಬೆಳಿಗ್ಗೆ ನಾನು ಸ್ಟ್ಯಾನ್ಮೋರ್‌ನ ನಮ್ಮ ಮನೆಯಿಂದ ಕಾರಿನ ಕೀಲಿ ಹಿಡಿದು ಕೆಲಸಕ್ಕೆ ಹೊರಟಿದ್ದೆ. ಬಾಗಿಲಲ್ಲಿ ಇವಳು. ಚಿತ್ರಾನ್ನ ತಂದಿದ್ದೀನಿ, ಒಂದು ತುತ್ತು ತಿಂದು ಹೋಗಿ ಅಕ್ಕಾ ಎಂದಳು. ಕೂತು ತಿಂದೆ. ರುಚಿಯಾಗಿದೆ ಅಂತ ಎರಡನೇ ಸಲ ಬಡಿಸಿಕೊಂಡೆ. ಆಮೇಲೆ ಅವಳು ಮೇಜಿನ ಮೇಲಿದ್ದ ಕೀಲಿಯನ್ನು ತನ್ನ ಸೆರಗಿನಡಿ ಎಳೆದುಕೊಂಡು ವಿಷಯ ಹೇಳಿದಳು. ನನ್ನ ತಮ್ಮನಿಗೆ ನನ್ನ ನಂಬರು ಬಾಯಿಪಾಠ. ಆದರೂ ಮೊದಲು ಅವಳಿಗೆ ಫೋನ್ ಮಾಡಿದ್ದ! ಅಪ್ಪ ಇಲ್ಲವಾದ ಮೇಲೆ ನಾನು ಒಗ್ಗರಣೆಯ ಕಡಲೆಬೇಳೆಯನ್ನು ಹೊಗಳುತ್ತಿದ್ದೆನಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ಆಮೇಲಿನ ದಿನಗಳಲ್ಲಿ ನನ್ನ ಮನೆಯ ಒಲೆ ಹಚ್ಚಿದವಳು, ಟಿಕೆಟ್ಟು ಮಾಡಿಸಿದವಳು, ಸೂಟ್‌ಕೇಸ್ ಕಟ್ಟಿದವಳೂ ಅವಳೇ. ಹಾಗಾಗಿ ಆ ಸಿಟ್ಟು ಬಿಸಿ ತುಪ್ಪದ ಹಾಗೆ ಬಾಯಲ್ಲೇ ಉಳಿಯಿತು. ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಸುಗುಣಾ ಕುಂದಾಪುರದ ಕಡೆಯವಳು. ಗಂಡ ಶಂಕರ ಕೆಂಟನ್ನಿನ ಒಂದು ಹೋಟೆಲಿನಲ್ಲಿ ಹಿರಿಯ ಅಡುಗೆಯವ. ಮಳೆಯಿರಲಿ ಮಂಜಿರಲಿ, ಬೆಳಕು ಹರಿಯುವ ಮೊದಲೇ ಸೈಕಲ್ ಹತ್ತಿ ಕೆಲಸಕ್ಕೆ ಹೋಗುವ ಮನುಷ್ಯ. ಮಾತು ಕಡಿಮೆ, ಹಟ ಜಾಸ್ತಿ. ಒಬ್ಬಳೇ ಮಗಳು ಸೃಷ್ಟಿ. ಇಲ್ಲಿ ಹುಟ್ಟಿದ ಎಲ್ಲ ಮಕ್ಕಳಂತೆ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಅಪ್ಪನ ಹತ್ತಿರ ಮಾತ್ರ ಅಪ್ಪಟ ಕುಂದಾಪುರದ ಕನ್ನಡ, ಯಾಕೆಂದರೆ ಇಂಗ್ಲಿಷಿನಲ್ಲಿ ಕೇಳಿದರೆ ಶಂಕರ ಕಿವುಡನಂತೆ ಕೂರುತ್ತಿದ್ದ. ಮಗಳಿಗೆ ಸೈಕಲ್ ಕಲಿಸಿದವನೂ ಅವನೇ, ಮನೆಯ ಹಿಂದಿನ ಗ್ಯಾರೇಜುಗಳ ಸಾಲಿನಲ್ಲಿ, ಹೆಂಡತಿ ಮನೆಯಲ್ಲಿಲ್ಲದಾಗ. ಸುಗುಣಾಳಿಗೆ ಎರಡು ಚಕ್ರದ ಗಾಡಿ ಕಂಡರಾಗದು. ಗಂಡನದನ್ನು ಹೇಗೋ ಸಹಿಸಿಕೊಂಡಿದ್ದಳು.

ಸೃಷ್ಟಿ ಲಂಡನ್ನಿನ ಕಾಲೇಜೊಂದರಲ್ಲಿ ಆರ್ಕಿಟೆಕ್ಚರ್ ಓದಲು ಸೇರಿದ ಮೊದಲ ವರ್ಷವೇ, ವಸಂತದ ರಜೆಗೆ ಮುಂಚೆ, ಮೇಷ್ಟ್ರು ವಿದ್ಯಾರ್ಥಿಗಳನ್ನು ಇಟಲಿಯ ಫೆರಾರಾ ಎಂಬ ಹಳೆಯ ಊರಿಗೆ ಕರೆದುಕೊಂಡು ಹೋದರು. ಸುತ್ತಲೂ ಕೋಟೆಗೋಡೆ, ನಟ್ಟನಡುವೆ ನೀರಿನ ಕಂದಕದ ಕೆಂಪು ಇಟ್ಟಿಗೆಯ ಅರಮನೆ. ಊರಿಡೀ ಸೈಕಲ್ ಮೇಲೆ ಓಡಾಡುತ್ತದಂತೆ, ಎಂಬತ್ತು ದಾಟಿದ ಅಜ್ಜಿಯರೂ ತರಕಾರಿ ಬುಟ್ಟಿ ಸಿಕ್ಕಿಸಿಕೊಂಡು ಸೈಕಲ್ಲಿನಲ್ಲೇ ಹೋಗುತ್ತಾರಂತೆ. ವಿದ್ಯಾರ್ಥಿಗಳೂ ದಿನವಿಡೀ ಸೈಕಲ್ಲಿನಲ್ಲೇ ಸುತ್ತಿ, ಅಲ್ಲಲ್ಲಿ ಇಳಿದು ಚಿತ್ರ ಬರೆದುಕೊಳ್ಳಬೇಕು. ಇದನ್ನು ಕೇಳಿ ಸುಗುಣಾ ಮೂರು ದಿನ ಮುಖ ಊದಿಸಿಕೊಂಡಳು. ಶಂಕರ ಹಟ ಹಿಡಿದು ಕಳಿಸಿದ.

ಮಗಳು ಹೋದ ಮರುದಿನ ಬೆಳಿಗ್ಗೆ ಶಂಕರ ಕೆಲಸಕ್ಕೆ ಹೊರಡಲು ಶೂ ಕಟ್ಟುತ್ತಿದ್ದವನು ಹಾಗೇ ಬಲಕ್ಕೆ ವಾಲಿದ. ಬಾಯಿ ಸೊಟ್ಟಗಾಗಿತ್ತು, ಬಲಗೈ ಎತ್ತಲು ಬರುತ್ತಿರಲಿಲ್ಲ. ಆಂಬ್ಯುಲೆನ್ಸ್ ಬೇಗ ಬಂತು. ನಾನು ಆಸ್ಪತ್ರೆಗೆ ಓಡಿದಾಗ ಸುಗುಣಾ ವಾರ್ಡಿನ ಹೊರಗೆ ಗಂಡನ ಶೂಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಾತು ತೊದಲುತ್ತದೆ, ಆದರೆ ಅರ್ಥವಾಗುತ್ತದೆ, ಎಲ್ಲರ ಗುರುತೂ ಸಿಗುತ್ತದೆ ಎಂದಳು. ಡಾಕ್ಟರಮ್ಮ ನನ್ನೆದುರೇ ಬಂದು ಸ್ಪಷ್ಟವಾಗಿ ಹೇಳಿದರು: ಇದು ಲಕ್ವ, ಇನ್ನೊಂದು ಆಘಾತವಾಗುವ ಸಾಧ್ಯತೆ ಇದೆ, ದೂರದಲ್ಲಿರುವ ಹತ್ತಿರದವರಿಗೆ ತಿಳಿಸುವುದು ಒಳ್ಳೆಯದು. ಸುಗುಣಾ ಅದಕ್ಕೆಲ್ಲ ತಲೆಯಾಡಿಸಿದಳು.

ಅವರು ಅತ್ತ ಹೋದದ್ದೇ ನಾನೆಂದೆ, "ಸೃಷ್ಟಿಗೆ ಈಗ್ಲೇ ಫೋನ್ ಮಾಡು ಸುಗುಣಾ. ಇವತ್ತೇ ಹೊರಟು ಬರ್ಲಿ. ಟಿಕೆಟ್ ನಾನ್ ನೋಡ್ತೀನಿ."

"ಬೇಡ ಅಕ್ಕಾ. ಮಗು ಈಗ ಸೈಕಲ್ ಮೇಲೆ ಇರ್ತದೆ."

"ಇಳಿದ ಮೇಲೆ ಹೇಳು."

"ಇಳಿದವಳು ಮತ್ತೆ ಹತ್ತುದಿಲ್ವಾ? ಅಲ್ಲಿ ಗಾಡಿ ಎಲ್ಲ ಬಲಬದಿಗೆ ಹೋಗುದಂತೆ. ತಲೆ ಸಮ ಇದ್ದವ್ರಿಗೇ ಗೊಂದಲ ಆಗ್ತದೆ. ಇದನ್ನ ಕೇಳಿದ್ ಮೇಲೆ ಅದಕ್ಕೆ ಎಡ ಯಾವ್ದು ಬಲ ಯಾವ್ದು ಗೊತ್ತಾಗ್ತದಾ? ಬರ್ಲಿ. ಬಂದ್ ಮೇಲೆ ನಾನೇ ಕೂರಿಸಿ ಹೇಳ್ತೆ."

ನನಗೆ ಉರಿದುಹೋಯಿತು. "ನಿನ್ನ ಶಾಸ್ತ್ರ ಊರಿನ ಮಂದಿಗೆಲ್ಲ ಸರಿ. ಇದು ಅವಳ ಅಪ್ಪ, ತಿಳ್ಕೋ" ಎಂದೆ.

ಆಗ ಅವಳು, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳದ ಅಣ್ಣನ ವಿಷಯ ಹೇಳಿದಳು. ಅಣ್ಣನ ಹೆಸರು ವಿಕಾಸ. ಕುಂದಾಪುರದಲ್ಲಿ ಬಟ್ಟೆಯಂಗಡಿಯ ಕೆಲಸ. ಅವಳ ಅಪ್ಪ ಮನೆಯಲ್ಲಿ ತೀರಿಕೊಂಡಾಗ, ಇನ್ನೂ ಮದುವೆಯಾಗದ ಸುಗುಣಾಳೇ ಪಕ್ಕದ ಮನೆಗೆ ಓಡಿ ಅಂಗಡಿಗೆ ಫೋನ್ ಮಾಡಿ, ಅಪ್ಪ ಹೋಗಿಬಿಟ್ಟರು ಎಂದು ಕೂಗಿದ್ದಳು. ಅವನು ಯಾರದೋ ಬೈಕು ಕೇಳಿ ಹೊರಟವನು ಮನೆ ಮುಟ್ಟಲಿಲ್ಲ. ಹೆದ್ದಾರಿಯಲ್ಲಿ ಎದುರಿನಿಂದ ಲಾರಿ ಬಂದಿತ್ತು. "ಒಂದೇ ಅಂಗಳದಿಂದ ಎರಡು ಹೆಣ ಹೋಯ್ತು ಅಕ್ಕಾ. ಅಮ್ಮ ಆಮೇಲೆ ತಾನು ಸಾಯುವವರೆಗೂ ನನ್ನನ್ನ ಒಂದ್ ಮಾತು ಬೈಲಿಲ್ಲ. ಬೈದಿದ್ರೆ ಆಗ್ತಿತ್ತು."

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಸೃಷ್ಟಿಯ ಜೊತೆಗೆ ಮೇಷ್ಟ್ರಿದ್ದಾರೆ, ಗೆಳತಿಯರಿದ್ದಾರೆ, ಯಾರೋ ಕೈಹಿಡಿದು ವಿಮಾನ ಹತ್ತಿಸುತ್ತಾರೆ, ಅವಳು ಯಾರದೋ ಬೈಕು ಹತ್ತಿ ಲಾರಿಗೆ ಎದುರಾಗಿ ಹೋಗುವುದಿಲ್ಲ ಎಂದು ಸಮಾಧಾನದಲ್ಲಿ ಹೇಳಿ ನೋಡಿದೆ. ಸುಗುಣಾ ಶೂಗಳ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಾ ಕೂತಳು. ಅವಳ ಮಗು, ಅವಳ ಗಂಡ. ಮೇಲೆ ಬಿದ್ದು ಫೋನ್ ಮಾಡುವ ಅಧಿಕಾರ ನನಗಿರಲಿಲ್ಲ.

ನಾನು ಮನೆಗೆ ಹೋಗಿ ಸಂಜೆ ಅನ್ನ ಸಾರು ತೆಗೆದುಕೊಂಡು ಮರಳುವಷ್ಟರಲ್ಲಿ ಎರಡನೆಯ ಆಘಾತ ಆಗಿಹೋಗಿತ್ತು. ಶಂಕರ ಕಣ್ಣು ತೆರೆದು ಮಲಗಿದ್ದ, ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ. ಹೊರಡಿಸಲು ಹೋದರೆ ಗಂಟಲಲ್ಲೇ ಏನೋ ಗೊರಗುಟ್ಟುತ್ತಿತ್ತು. ಜೀವಕ್ಕೆ ಸದ್ಯ ಭಯವಿಲ್ಲ, ಮಾತು ಮರಳುವ ಭರವಸೆ ಕೊಡಲಾರೆವು ಎಂದರು ಡಾಕ್ಟರು.

ಸುಗುಣಾ ಅನ್ನ ಮುಟ್ಟಲಿಲ್ಲ. ಡಬ್ಬಿ ಮುಚ್ಚಿಟ್ಟು, "ಮಧ್ಯಾಹ್ನ ಅವ್ರು ಮಗಳನ್ನ ಕೇಳಿದ್ರು ಅಕ್ಕಾ" ಎಂದಳು. "ಫೋನ್ ಹಚ್ಚು ಅಂದ್ರು. ಅದು ಸೈಕಲ್ ಮೇಲೆ ಇತ್ತು, ಸಂಜೆಗೆ ಮಾಡುವ ಅಂದೆ."

ಸಂಜೆ ಬಂದಿತ್ತು.

ಇನ್ನಾದರೂ ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ಇನ್ನು ಅವಸರದಿಂದ ಆಗುವುದೇನು, ಮಾತಂತೂ ಹೋಯಿತು, ಮಗುವನ್ನು ಯಾಕೆ ಬೀಳಿಸಲಿ ಎಂಬುದು ಅವಳ ಹೊಸ ಲೆಕ್ಕಾಚಾರ. ಒಂದು ಸುದ್ದಿಯನ್ನು ತಡೆದವರಿಗೆ ಮರುದಿನ ಅದು ಇನ್ನಷ್ಟು ಭಾರವಾಗುತ್ತದೆ, ಎತ್ತಿ ಕೊಡಲು ಕೈಯೇ ಬರುವುದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

ಆದರೆ ಸೃಷ್ಟಿ ಸುಮ್ಮನಿರುವ ಹುಡುಗಿಯೇ? ದಿನಕ್ಕೆ ಹತ್ತು ಸಲ ಅಪ್ಪನ ವಾಟ್ಸಾಪಿಗೆ ಏನಾದರೂ ಕಳಿಸುತ್ತಿದ್ದಳು. ಸೈಕಲ್ ಕಲಿಸಿದವನಿಗಲ್ಲದೆ ಇನ್ಯಾರಿಗೆ ತೋರಿಸಬೇಕು? ಕೋಟೆಗೋಡೆಯ ಮೇಲೆ ಮರಗಳ ಸಾಲಿನ ನಡುವೆ ಓಡಿಸುವ ವಿಡಿಯೋ, ಕಮಾನುಗಳ ಕೆಳಗಿನ ಕತ್ತಲು ಓಣಿ, ಅರಮನೆಯ ಕಂದಕದ ಪಕ್ಕ ನಿಲ್ಲಿಸಿದ ಬಾಡಿಗೆಯ ಹಸಿರು ಸೈಕಲ್. "ಅಪ್ಪಾ, ಕಾಣ್, ಒಂದೇ ಕೈಯಂಗ್ ಬಿಡ್ತೆ!" ಎಂದು ಒಂದೇ ಕೈಯಲ್ಲಿ ಸೈಕಲ್ ಓಡಿಸುತ್ತಾ, ಗಾಳಿಯ ಸದ್ದಿನ ನಡುವೆ ಕೂಗುತ್ತಿದ್ದಳು. ಸುಗುಣಾ ಹಾಸಿಗೆಯ ಪಕ್ಕ ಕೂತು ಅದನ್ನು ಗಂಡನ ಕಣ್ಣ ಮುಂದೆ ಹಿಡಿಯುವಳು. ಶಂಕರ ನೋಡುವನು. ಎಡಗೈಯನ್ನು ಫೋನಿನ ಕಡೆಗೆ ಚಾಚುವನು. ಅವಳು ಫೋನನ್ನು ಹಿಂದಕ್ಕೆ ತೆಗೆದುಕೊಂಡು, ಅವನ ಹೆಸರಿನಲ್ಲಿ ತಾನೇ ಉತ್ತರ ಒತ್ತುವಳು. ಒಂದು ಹೆಬ್ಬೆರಳಿನ ಚಿತ್ರ, ಒಂದು ಹೊಗಳಿಕೆ, ಒಂದು ಎಚ್ಚರಿಕೆಯ ಮಾತು. "ಲಾಯ್ಕ್ ಇತ್ತ್ ಮಗಾ." "ಬ್ರೇಕ್ ಸಮ ಇತ್ತಾ?" ಸೃಷ್ಟಿ ಫೋನಿನಲ್ಲಿ ಮಾತಾಡುತ್ತೇನೆಂದರೆ ಹೋಟೆಲಿನಲ್ಲಿ ಗಿರಾಕಿ ಜಾಸ್ತಿ ಎಂಬ ನೆಪ. ಆ ಕೈ ಚಾಚಿದ್ದು ಏನು ಕೇಳಲು ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಕೊನೆಗೆ ಅವಳು ಹೆದರಿದ್ದೂ ಆಯಿತು. ಆ ಕಮಾನುಗಳ ಓಣಿಯ ಉರುಟುಗಲ್ಲಿನ ಮೇಲೆ ಚಕ್ರ ಜಾರಿ ಸೃಷ್ಟಿ ಬಿದ್ದಳು. ಯಾವ ಕೆಟ್ಟ ಸುದ್ದಿಯೂ ಕಿವಿಗೆ ಬೀಳದೆ, ನಗುನಗುತ್ತಲೇ ಬಿದ್ದಳು. ಮಂಡಿ ತರಚಿದ ಫೋಟೋ ಅಪ್ಪನಿಗೆ ಬಂತು, ಜೊತೆಗೊಂದು ಸಾಲು: ಅಮ್ಮನಿಗೆ ಹೇಳಬೇಡ, ಹೇಳಿದರೆ ನನ್ನನ್ನು ಇನ್ನೆಲ್ಲಿಗೂ ಕಳಿಸುವುದಿಲ್ಲ. ಸುಗುಣಾ ಅದನ್ನು ಓದಿ ನನಗೆ ತೋರಿಸಿದಳು. ಆಮೇಲೆ ಗಂಡನಾಗಿ ಬರೆದಳು, "ಹೇಳುದಿಲ್ಲೆ. ಡೆಟಾಲ್ ಹಾಕಿ ತೊಳಿ. ಹೊಟ್ಟಿಗ್ ಸಮಾ ಉಣ್." ತಕ್ಷಣ ನಗುವ ಮುಖದ ಚಿತ್ರಗಳ ಜೊತೆ ಉತ್ತರ ಬಂತು: ಅಪ್ಪಾ, ನೀನೂ ಅಮ್ಮನ ಹಾಗೇ ಮಾತಾಡುವುದಕ್ಕೆ ಶುರು ಮಾಡಿದೆಯಾ!

ಸುಗುಣಾ ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು, ವಾರ್ಡಿನ ಪರದೆ ಹಿಡಿದು ಅತ್ತಳು. "ಇದನ್ನ ಇನ್ನು ಹೆಂಗೆ ಬಿಡಿಸುದು ಅಕ್ಕಾ?" ಎಂದು ಕೇಳಿದಳು. ಈಗಲೇ ಬಿಡಿಸು, ಈಗಲೇ ಫೋನ್ ಮಾಡು ಎಂದೆ. ಇನ್ನೆರಡೇ ದಿನ ಎಂದಳು.

ಮಗಳು ಬರುವ ದಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಸುಗುಣಾಳನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಸೃಷ್ಟಿ ಬಿಸಿಲಿಗೆ ಮೂಗು ಕೆಂಪಾಗಿ, ಹೆಗಲಿಗೆ ಚಿತ್ರದ ಹಾಳೆಗಳ ಕೊಳವೆ ಏರಿಸಿ, ಸ್ವಲ್ಪ ಕುಂಟುತ್ತಾ, ಕುಂಟುವುದನ್ನು ಅಮ್ಮನಿಂದ ಮರೆಮಾಚುತ್ತಾ ಬಂದಳು. ಸುಗುಣಾ ಅವಳ ಕೆನ್ನೆ ಸವರಿ, "ಉಂಡ್ಯಾ ಮಗಾ?" ಎಂದಳು.

ಹುಡುಗಿಯ ಮುಖ ಬಿಳುಚಿಕೊಂಡಿತು. ಚಿಕ್ಕವಳಿದ್ದಾಗ ಅಮ್ಮನ ಹಿಂದೆ ಡಬ್ಬಿ ಹೊತ್ತುಕೊಂಡು ಎಷ್ಟು ಮನೆ ತಿರುಗಿದವಳು ಅವಳು! ಆ ದನಿ ಅವಳಿಗೆ ಗೊತ್ತಿತ್ತು. "ಹೂ ಈಸ್ ಇಟ್?" ಎಂದಳು, ಹೋದದ್ದು ಯಾರು ಎಂಬಂತೆ. ಸುಗುಣಾ ಚೀಲಕ್ಕೆ ಕೈ ಹಾಕಿ, "ಮೊದ್ಲ್ ಒಂಚೂರ್ ತಿನ್ನ್" ಎಂದಳು.

"ಅಮ್ಮಾ, ಅಪ್ಪ ಎಲ್ಲಿ?"

"ಇದ್ರ್. ಅಪ್ಪ ಆಸ್ಪತ್ರೆಯಂಗ್ ಇದ್ರ್ ಮಗಾ, ಜೀವಕ್ಕ್ ಭಯ ಇಲ್ಲೆ. ಹೆದರ್ಬೇಡ."

ಕಾರಿನಲ್ಲಿ ಉಳಿದದ್ದನ್ನು ಹೇಳಿದಳು. ಸೃಷ್ಟಿ ಹಿಂದಿನ ಸೀಟಿನಲ್ಲಿದ್ದಳು. ಯಾವತ್ತು ಎಂದು ಕೇಳಿದಳು. ನೀನು ಹೋದ ಮರುದಿನ ಎಂದಳು ಸುಗುಣಾ. ಕನ್ನಡಿಯಲ್ಲಿ ನೋಡಿದರೆ ಹುಡುಗಿ ತಲೆ ತಗ್ಗಿಸಿ ಫೋನಿನಲ್ಲಿ ಒಂದೊಂದೇ ಉತ್ತರವನ್ನು ಹಿಂದಕ್ಕೆ ತಳ್ಳಿ ಓದುತ್ತಿದ್ದಳು. ಕೊನೆಗೆ "ಸೋ ಇಟ್ ವಾಸ್ ಯೂ, ಅಮ್ಮಾ" ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಸುಗುಣಾ ಮುಂದಿನ ರಸ್ತೆ ನೋಡುತ್ತಾ, "ನೀ ಸೈಕಲ್ ಮೇಲೆ ಇದ್ದೆ ಮಗಾ" ಎಂದಳು.

ವಾರ್ಡಿನಲ್ಲಿ ಶಂಕರನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಮಗಳನ್ನು ಕಂಡದ್ದೇ ಅವನ ಅರ್ಧ ಮುಖ ಅರಳಿತು, ಇನ್ನರ್ಧ ಹಾಗೇ ಉಳಿಯಿತು. ಗಂಟಲು ಗೊರಗುಟ್ಟಿತು. ಸೃಷ್ಟಿ ಅವನ ಎಡಗೈಯನ್ನು ಎರಡೂ ಕೈಗಳಲ್ಲಿ ಹಿಡಿದು ಹಾಸಿಗೆಯ ಅಂಚಿನಲ್ಲಿ ಕೂತಳು. ಅಪ್ಪ, ಅಪ್ಪ ಎಂದಳು. ಅವನು ಏನೋ ಹೇಳಲು ಹೊರಟು ಆಗದೆ ಕಣ್ಣು ಮುಚ್ಚಿ ತೆರೆದ. ನಾನು ಕಿಟಕಿಯ ಹತ್ತಿರ ನಿಂತಿದ್ದೆ, ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ.

ಸೃಷ್ಟಿ ತಿರುಗದೆಯೇ, ಅಪ್ಪನಿಗೂ ಅರ್ಥವಾಗಲೆಂದು ಕನ್ನಡದಲ್ಲಿ ಕೇಳಿದಳು, "ಅಮ್ಮಾ, ಮಾತ್ ಹೋಪುಕೆ ಮೊದ್ಲ್ ಅಪ್ಪ ನನ್ನ ಕೇಂಡ್ರಾ?"

ಸುಗುಣಾ ಮಂಚದ ಕಾಲ ಬಳಿ ನಿಂತಿದ್ದಳು. ಎಷ್ಟು ಮನೆಗಳಲ್ಲಿ ಎಷ್ಟು ಜನ ಅವಳನ್ನು ಇದೇ ಪ್ರಶ್ನೆ ಕೇಳಿದ್ದರು! ಕೊನೆಗೆ ನನ್ನ ಹೆಸರು ಹೇಳಿದರಾ, ನನ್ನನ್ನು ಕೇಳಿದರಾ ಎಂದು. ಕೇಳಿದವರ ಜೀವಕ್ಕೆ ಯಾವುದು ಹಗುರವೋ ಅದನ್ನೇ ಅವಳು ಹೇಳುತ್ತಾ ಬಂದವಳು. ನನ್ನ ಅಪ್ಪನ ವಿಷಯದಲ್ಲಿ ಏನು ಹೇಳಿದ್ದಳೋ ಅದು ನಿಜವೇ ಎಂಬ ಅನುಮಾನ ನನಗೆ ಆ ಕ್ಷಣದಲ್ಲಿ ಮೊದಲ ಸಲ ಬಂತು.

"ಇಲ್ಲೆ ಮಗಾ" ಎಂದಳು ಸುಗುಣಾ, ಅತ್ಯಂತ ಮೆತ್ತಗೆ. "ಅವ್ರಿಗ್ ಆಗ ಪ್ರಜ್ಞೆಯೇ ಇರ್ಲಿಲ್ಲೆ. ಯಾರನ್ನೂ ಕೇಣ್ಲಿಲ್ಲ. ನೀ ಅದನ್ನ ಮನ್ಸಿಗೆ ಹಚ್ಕಣ್ಬೇಡ."

ಶಂಕರ ಮಗಳ ಹಿಡಿತದಿಂದ ಕೈ ಬಿಡಿಸಿಕೊಂಡ. ಆ ಎಡಗೈಯಿಂದ ಮಂಚದ ಕಂಬಿಗೆ ಹೊಡೆದ, ಮತ್ತೆ ಹೊಡೆದ. ಹೆಂಡತಿಯನ್ನೇ ನೋಡುತ್ತಾ ತಲೆಯನ್ನು ಅತ್ತಿಂದಿತ್ತ ಆಡಿಸಿದ. ದಿಂಬಿನ ಮೇಲೆ ತಲೆ ಉಜ್ಜುವ ಸದ್ದು ನಮಗೆಲ್ಲ ಕೇಳಿಸಿತು. ನರ್ಸ್ ಬಂದು ಇಣುಕಿ ಹೋದಳು.

"ಅಪ್ಪಾ, ನೀ ನನ್ನ ಕೇಂಡಿದ್ಯಾ?"

ಅವನ ತಲೆ ನಿಂತಿತು. ಆಮೇಲೆ ನಿಧಾನವಾಗಿ ಹೌದೆಂದು ಬಾಗಿತು. ಕಣ್ಣಿನ ನೀರು ಸೊಟ್ಟ ಬಾಯಿಯ ಕಡೆಗೆ ಇಳಿಯಿತು.

ಸುಗುಣಾ ಮಂಚದ ಕಂಬಿ ಹಿಡಿದುಕೊಂಡಳು. ಬೈದುಬಿಡು ಹುಡುಗೀ, ಬೈದರೆ ಅವಳು ಬದುಕುತ್ತಾಳೆ ಎಂದು ಒಳಗೇ ಬೇಡಿಕೊಂಡೆ. ಸೃಷ್ಟಿ ಬೈಯಲಿಲ್ಲ.

"ಎಂತ ಅಂದ್ರ್?" ಎಂದಳು. "ಹೆಂಗ್ ಹೇಳಿರೋ ಹಾಂಗೇ ಹೇಳ್. ನೀನ್ ಅದನ್ನ ಸಮ ಮಾಡಿ ಹೇಳ್ಬೇಡ."

ಸುಗುಣಾ ಗಂಡನ ಮುಖ ನೋಡಿದಳು. ಅವನು ಕಾಯುತ್ತಿದ್ದ. ಆಮೇಲೆ ಅವಳು ಆ ಮಧ್ಯಾಹ್ನ ಅವನು ಹೇಳಿದಂತೆಯೇ, ನಾಲಿಗೆ ದಪ್ಪ ಮಾಡಿಕೊಂಡು, ತೊದಲುತ್ತಾ, ಬಾಯಿಯನ್ನು ಒಂದು ಬದಿಗೆ ಎಳೆದುಕೊಂಡು ಹೇಳಿದಳು:

"ಹೆಣ್ಣಿಗ್... ಫೋನ್ ಹಚ್ಚ್. ಬಾಯಿ ಸೊಟ್ಟ ಆದ್ರೂ... ಅಡ್ಡಿಲ್ಲ. ನನ್ ಸ್ವರ ಒಂದ್ಸಲ... ಅದಕ್ ಕೇಣ್ಲಿ."

ಶಂಕರ ಕಣ್ಣು ಮುಚ್ಚಿಕೊಂಡ. ಸೃಷ್ಟಿ ಅಮ್ಮನ ಕಡೆ ನೋಡಲೇ ಇಲ್ಲ. ಅಪ್ಪನ ಅಲುಗದ ತುಟಿಗಳನ್ನೇ ನೋಡುತ್ತಾ, "ಇನ್ನೊಂದ್ಸಲ ಹೇಳ್" ಎಂದಳು.